ಖಜೂರಿ ಬಸ್ಸು ಬರುವತನಕ

ಆಳಂದದ ದಿಲ್‌ಖುಷ್ ಟಾಕೀಸಿನಲ್ಲಿ ಮಧುಮತಿಯ ಮದುವೆ ಎರಡು ಸಲ ಆಯಿತು. ಮೊದಲನೆಯದು ಆಗಲೇ ಇಲ್ಲ ಎಂದು ಅವಳ ಅಪ್ಪ ಗುರುನಾಥ ಇವತ್ತಿಗೂ ಆಣೆಯಿಟ್ಟು ಹೇಳುತ್ತಾನೆ. ಆದರೆ ಆ ಆಗದ ಮದುವೆಗೆ ಜನ ಆಯೇರಿಯೆಂದು ಉಡುಗೊರೆ ಕೊಟ್ಟ ಸ್ಟೀಲಿನ ಪಾತ್ರೆಗಳಲ್ಲೇ ಅವನ ಹೆಂಡತಿ ಮಹಾನಂದಾ ಇವತ್ತಿಗೂ ಬೇಳೆ ಬೇಯಿಸುತ್ತಾಳೆ. ಹೀಗಿರುವಾಗ ಊರವರು ಯಾರನ್ನು ನಂಬಬೇಕು?

ಗುರುನಾಥ ಆ ಟಾಕೀಸಿನ ಮ್ಯಾನೇಜರು. ಮ್ಯಾನೇಜರು ಎಂದರೆ ಟಿಕೀಟು ಹರಿಯುವವನೂ ಅವನೇ, ಗೋಡೆಗೆ ಪೋಸ್ಟರು ಅಂಟಿಸುವವನೂ ಅವನೇ, ಬಾಲ್ಕನಿಯ ಪಾರಿವಾಳ ಓಡಿಸುವವನೂ ಅವನೇ. ಅವನ ಕೈಕೆಳಗೆ ಒಬ್ಬನೇ ನೌಕರ, ಹುಲೆಪ್ಪ. ಬಾಗಿಲು ಕಾಯುವುದು, ಮಷೀನು ನಡೆಸುವುದು, ಕತ್ತಲಲ್ಲಿ ಬ್ಯಾಟರಿ ಬಿಟ್ಟು ಕುರ್ಚಿ ತೋರಿಸುವುದು ಹುಲೆಪ್ಪನ ಪಾಲು. ಈಗ ರೀಲು ಎಂಬುದು ಇಲ್ಲ. ಪಿಚ್ಚರು ಒಂದು ಸಣ್ಣ ಡಬ್ಬಿಯೊಳಗೆ ಬರುತ್ತದೆ. ಆದರೂ ಕರೆಂಟು ಹೋದರೆ ಜನ ಸೀಟಿ ಹೊಡೆದು, "ಹುಲೆಪ್ಪಾ, ರೀಲ್ ಹಾಕೋ" ಎಂದೇ ಕೂಗುತ್ತಿದ್ದರು. ಹುಲೆಪ್ಪನೂ ಮೇಲಿನ ಕಿಂಡಿಯಿಂದ ತಲೆ ಹೊರಹಾಕಿ, "ಹಾಕ್ತೇನಿ, ತಡೀರಿ" ಎನ್ನುತ್ತಿದ್ದ. ಇದು ಅಲ್ಲಿಯ ಪದ್ಧತಿ.

ಇನ್ನೊಂದು ಪದ್ಧತಿಯೂ ಇತ್ತು. ಅದನ್ನು ಯಾರೂ ಪದ್ಧತಿ ಎಂದು ಲೆಕ್ಕಕ್ಕೆ ತಗೊಂಡಿರಲಿಲ್ಲ. ಭಾನುವಾರದ ಮಧ್ಯಾಹ್ನದ ಆಟ ಖಜೂರಿ ಬಸ್ಸು ಬಂದ ಮೇಲೆಯೇ ಶುರುವಾಗುತ್ತಿತ್ತು. ಆ ಬಸ್ಸು ಮಹಾರಾಷ್ಟ್ರದ ಗಡಿಯ ಕಡೆಯ ಖಜೂರಿ ಊರಿನಿಂದ, ಲಾರಿಗಳ ಸಾಲಿನಲ್ಲಿ ಸಿಕ್ಕಿಕೊಂಡು, ತನಗೆ ತಿಳಿದಾಗ ಬರುವಂಥದು. ಅದರಲ್ಲಿ ಒಬ್ಬ ಮುದುಕಿ ಇರುತ್ತಿದ್ದಳು. ಎಲ್ಲರ ಬಾಯಲ್ಲೂ ಅವಳು ಖಜೂರಿ ಆಯಿ. ಯಾವ ಪಿಚ್ಚರು, ಯಾರ ಪಿಚ್ಚರು ಎಂದು ಕೇಳಿದವಳಲ್ಲ. ಸೆರಗಿನ ತುದಿಗೆ ಹುರಿದ ಶೇಂಗಾ ಕಟ್ಟಿಕೊಂಡು, ಏದುಸಿರು ಬಿಡುತ್ತ ಬಾಗಿಲಿಗೆ ಬಂದು, "ಸುರು ಆಗಿ ಭಾಳ ಹೊತ್ತಾತೇನೋ ತಮ್ಮಾ?" ಎನ್ನುವಳು. "ಇಲ್ಲ ಆಯಿ, ನಿನ್ನ ಸಲುವಾಗೇ ತಡದೇವಿ" ಎಂದು ಹುಲೆಪ್ಪ ಹೇಳುವನು. ಅವಳು ಅದನ್ನು ತಮಾಷೆ ಎಂದುಕೊಂಡು ನಕ್ಕು, ಅವನ ಅಂಗೈಗೆ ಒಂದಿಷ್ಟು ಶೇಂಗಾ ಹಾಕಿ, ಕಂಬದ ಪಕ್ಕದ ತನ್ನ ಕುರ್ಚಿಗೆ ಹೋಗುವಳು. ಅದು ತಮಾಷೆಯಾಗಿರಲಿಲ್ಲ. ಒಳಗಿದ್ದವರು ಅಷ್ಟುಹೊತ್ತು ಸೀಟಿ ಹೊಡೆದೂ ಹೊಡೆದೂ ದಣಿದಿರುತ್ತಿದ್ದರು.

ಟಾಕೀಸಿನ ಮಾಲಕರು ಕಲಬುರಗಿಯ ವಕೀಲ ವಾಮನರಾಯರು. ಕೆಟ್ಟವರಲ್ಲ. ಗುರುನಾಥ ಮನೆಗೆ ಹೋದರೆ ತಾವೇ ಎದ್ದು ನೀರು ತಂದು ಕೊಡುವವರು. ಶ್ರಾವಣದಲ್ಲಿ ಒಂದು ದಿನ ಹಾಗೆಯೇ ನೀರು ಕೊಟ್ಟು, ಅವನು ಕುಡಿದು ಮುಗಿಸುವವರೆಗೆ ಕಾದು, ಇನ್ನು ಟಾಕೀಸು ಮುಚ್ಚಿ ಫಂಕ್ಷನ್ ಹಾಲ್ ಮಾಡುವುದೆಂದು ತಿಳಿಸಿದರು. ಖಾಲಿ ಕುರ್ಚಿಗಳಿಗೆ ಎಷ್ಟು ದಿನ ಪಿಚ್ಚರು ತೋರಿಸುವುದು? ಮೀಸೆ ಮೂಡುವ ಮೊದಲೇ ಟಾಕೀಸಿಗೆ ಸೇರಿದವನು ಗುರುನಾಥ. ಒಂದು ಅವಕಾಶ ಕೊಡಬೇಕೆಂದು ಕೈಮುಗಿದ.

ವಾಮನರಾಯರಿಗೆ ಕನಿಕರ ಬಂತು. ಅವನನ್ನು ಕಾರಿನಲ್ಲಿ ಕೂರಿಸಿಕೊಂಡು ಕಲಬುರಗಿಯ ಒಂದು ಮಾಲ್‌ಗೆ ಕರೆದೊಯ್ದು, ಅಲ್ಲಿಯ ಸಿನಿಮಾ ತೋರಿಸಿದರು. ಬಾಗಿಲಲ್ಲಿ ಒಬ್ಬ ಹುಡುಗಿ ನಗುತ್ತ ಸ್ವಾಗತ ಹೇಳಿದಳು. ತಂಪು ಗಾಳಿ, ಸೋಫಾದಂಥ ಕುರ್ಚಿ, ಹೇಳಿದ ವೇಳೆಗೆ ಸರಿಯಾಗಿ ಆಟ. ಹೊರಗೆ ಬರುವಾಗ ಒಬ್ಬ ಹುಡುಗ ಹೇಗಿತ್ತು ಸರ್ ಎಂದು ಕೇಳಿದ. ಜೀವಮಾನವಿಡೀ ಪಿಚ್ಚರು ತೋರಿಸಿದ ಗುರುನಾಥನನ್ನು ಯಾರೂ ಹೀಗೆ ಕೇಳಿರಲಿಲ್ಲ. ಅವನಿಗೆ ಪಿಚ್ಚರು ಮರೆತೇ ಹೋಗಿ, ಆ ಪ್ರಶ್ನೆಯೊಂದು ಎದೆಯಲ್ಲಿ ಉಳಿಯಿತು.

"ಪಿಚ್ಚರ್ ಎಲ್ಲಾ ಕಡೆ ಅದೇ, ಗುರುನಾಥ. ಫೋನಿನ್ಯಾಗೂ ಅದೇ," ಎಂದರು ವಾಮನರಾಯರು. "ಮಂದಿ ಬರೋದು ಪಿಚ್ಚರಿನ ಮೊದಲ ಏನು, ಆಮ್ಯಾಲೆ ಏನು, ಅದಕ್ಕ. ದೀಪಾವಳಿತನಕ ಮಾಡಿ ತೋರಿಸು. ನಾನೇ ಬಂದು ನೋಡತೇನಿ."

ಊರಿಗೆ ಮರಳುವ ಬಸ್ಸಿನಲ್ಲಿ ಗುರುನಾಥ ಕಿಟಕಿಗೆ ತಲೆಯಾನಿಸಿ ಚಿಂತಿಸಿದ. ತಂಪು ಗಾಳಿ ತರಲಾರ, ಸೋಫಾ ತರಲಾರ. ಬರುವವರನ್ನು ಮೊದಲೂ ಆಮೇಲೂ ಚೆನ್ನಾಗಿ ನೋಡಿಕೊಳ್ಳುವ ಜಾಗ ತಾನು ಬೇರೆಲ್ಲಿ ಕಂಡಿದ್ದೇನೆ? ಬಸ್ಸು ಕಡಗಂಚಿ ದಾಟುವಷ್ಟರಲ್ಲಿ ಹೊಳೆಯಿತು. ಮದುವೆಯಲ್ಲಿ. ದೊಡ್ಡ ಸತ್ಯಗಳೆಲ್ಲ ಹೀಗೇ, ಸಾರಿಗೆ ಬಸ್ಸಿನಲ್ಲೇ ಹೊಳೆಯುವುದು. ಇಳಿದ ಮೇಲೆ ಅವನ್ನು ಮರೆಯುವವನು ಬುದ್ಧಿವಂತ. ಗುರುನಾಥ ಮರೆಯಲಿಲ್ಲ.

"ಲಗ್ನದಾಗ ನಡುವಿನ ಮಂತ್ರ ಯಾರು ಕೇಳ್ತಾರ?" ಎಂದು ಮನೆಗೆ ಬಂದವನೇ ಹೆಂಡತಿಗೆ ಹೇಳಿದ. "ಬರೋವಾಗ ಅತ್ತರ, ಹೋಗೋವಾಗ ಎಲಿ-ಅಡಕಿ. ಮಂದಿ ನೆನಪ ಇಡೋದು ಅವೆರಡೇ."

ಮಹಾನಂದಾ ಮಗಳ ಮದುವೆಗೆಂದು ಟ್ರಂಕಿನ ತಳದಲ್ಲಿ ಬಟ್ಟೆ ಸುತ್ತಿ ಇಟ್ಟಿದ್ದ, ಗುಲಾಬ್ ನೀರು ಚಿಮುಕಿಸುವ ಗುಲಾಬದಾನಿಯನ್ನು ತೆಗೆದು, ಹುಣಸೆಹಣ್ಣು ಹಚ್ಚಿ ತಿಕ್ಕಿದಳು. ಮಗಳು ಮಧುಮತಿ ಜೇವರ್ಗಿಯ ಆಸ್ಪತ್ರೆಯೊಂದರಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸದಲ್ಲಿದ್ದಳು. ಓರಗೆಯವರ ಮಕ್ಕಳೆಲ್ಲ ಶಾಲೆಗೆ ಹೋಗುತ್ತಿದ್ದರೂ ಇವಳ ಮದುವೆ ಆಗಿರಲಿಲ್ಲ. ಆ ಮದುವೆಯ ಊಟಕ್ಕಾಗಿ ಆಳಂದ ಬಹಳ ವರ್ಷಗಳಿಂದ ಸಹನೆಯಿಂದ ಕಾಯುತ್ತಿತ್ತು. ತಿಕ್ಕಿ ಮುಗಿಸಿ, "ಮೊದಲ ಆಕಿ ಲಗ್ನಕ್ಕ ಹಚ್ಚಬೇಕಿತ್ತು ಇದನ್ನ," ಎಂದಷ್ಟೇ ಹೇಳಿ ಗಂಡನ ಕೈಗೆ ಕೊಟ್ಟಳು.

ಮುಂದಿನ ಶುಕ್ರವಾರ ಟಾಕೀಸಿನ ಬಾಗಿಲಿಗೆ ಎರಡು ಬಾಳೆಕಂಬ ನಿಂತವು. ಮಾವಿನ ತೋರಣ ಬಂತು. ಹುಲೆಪ್ಪನ ತಲೆಗೆ ಬ್ಯಾಂಡಿನವರಿಂದ ಎರವಲು ತಂದ ಗುಲಾಬಿ ರುಮಾಲು ಬಂತು. ಮಾಳಿಗೆಯ ಮೇಲಿನ ಭೋಂಗಾದಲ್ಲಿ ಆಟಕ್ಕೆ ಮೊದಲು ಸಿನಿಮಾ ಹಾಡು ಹಾಕುವುದು ವಾಡಿಕೆ. ಅದು ಕೇಳಿಸಿದರೆ ಊರಿಗೆ ಆಟ ಶುರುವಾಗಲಿದೆ ಎಂದು ಗೊತ್ತಾಗುತ್ತಿತ್ತು. ಗುರುನಾಥನಿಗೆ ಈಗ ಆ ಹಾಡು ಹಗುರವೆನಿಸಿತು. ಮದುವೆಯಲ್ಲಿ ಊದುವ ಸನಾದಿ ಹಾಕಿಸಿದ.

ಟಾಕೀಸಿನ ಅಂಗಳದಲ್ಲಿ ಚಹಾ, ಮಿರ್ಚಿ ಭಜಿ ಮಾರುವ ಖುರ್ಷಿದಬೇಗಂ ಒಬ್ಬಳೇ ಎಣ್ಣೆಯ ಬಾಣಲೆಯಿಂದ ತಲೆಯೆತ್ತಿ ನೋಡಿದಳು. "ಗುರುನಾಥ ಭಾಯಿ, ಸನಾದಿ ಕೇಳಿ ಮಂದಿ ಏನ್ ತಿಳ್ಕೋತಾರ?"

"ಮರ್ಯಾದಿ ತಿಳ್ಕೋತಾರ," ಎಂದ ಗುರುನಾಥ.

ಮೊದಲ ಆಟಕ್ಕೆ ಬಂದವರು ಬೆರಳೆಣಿಕೆಯವರು. ಬ್ಯಾಟರಿಯನ್ನು ಮುಖಕ್ಕೆ ಬಿಟ್ಟು ರೂಢಿಯಾದ ಹುಲೆಪ್ಪ ಗುಲಾಬ್ ನೀರನ್ನೂ ನೇರ ಮುಖಕ್ಕೇ ಬಿಟ್ಟ. ಒಬ್ಬ ಅಜ್ಜ ತೀರ್ಥವೆಂದು ಅಂಗೈ ಒಡ್ಡಿ ಕುಡಿದ. ಉಳಿದವರು ಕಣ್ಣು ಉಜ್ಜಿಕೊಳ್ಳುತ್ತ ಒಳಗೆ ಹೋಗಿ ಅರ್ಧ ಪಿಚ್ಚರಿನವರೆಗೆ ಏನೂ ಕಾಣದೆ ಕೂತರು. ಆಟ ಬಿಟ್ಟಾಗ ಗುರುನಾಥ ಹೊಸ ಧೋತರ, ಕರಿಕೋಟು ತೊಟ್ಟು, ಎಲೆ-ಅಡಿಕೆಯ ತಟ್ಟೆಯ ಹಿಂದೆ ಕೈಮುಗಿದು ನಿಂತಿದ್ದ. ಮಾಲ್‌ನ ಹುಡುಗ ಕೇಳಿದ ಪ್ರಶ್ನೆಯನ್ನು ತನ್ನ ಭಾಷೆಗೆ ಇಳಿಸಿಕೊಂಡು, ಒಬ್ಬೊಬ್ಬರನ್ನೂ, "ಎಲ್ಲಾ ಬರೋಬರಿ ಆತ್ರೀ? ಏನರ ಕಡಿಮಿ ಬಿದ್ದಿದ್ರ ಹೊಟ್ಟ್ಯಾಗ ಹಾಕ್ಕೋರಿ," ಎಂದು ಬೇಡಿಕೊಂಡ.

ಬಾಳೆಕಂಬ, ಸನಾದಿ, ತಟ್ಟೆ, ಕರಿಕೋಟು, ಆ ಮಾತು. ಈ ಸೀಮೆಯಲ್ಲಿ ಇವೆಲ್ಲ ಸೇರಿದರೆ ನಿಂತವನು ಹೆಣ್ಣಿನ ತಂದೆ ಎಂದೇ ಅರ್ಥ. ಬೇರೆ ಅರ್ಥವನ್ನು ಯಾರೂ ಇನ್ನೂ ಕಂಡುಹಿಡಿದಿಲ್ಲ.

ರಸ್ತೆಯಲ್ಲಿ ಹೋಗುತ್ತಿದ್ದ ಸೈದಪ್ಪ ನಿಂತ. ಅವನು ತಹಸೀಲಿನಲ್ಲಿ ಶಿರಸ್ತೇದಾರನಾಗಿದ್ದು ನಿವೃತ್ತನಾದವನು. ಸರಕಾರ ಅವನನ್ನು ಬಿಟ್ಟಿತ್ತು, ವಿಚಾರಣೆ ಅವನನ್ನು ಬಿಟ್ಟಿರಲಿಲ್ಲ. ಒಳಗೆ ಬಂದು ಎಲೆ-ಅಡಿಕೆ ತಗೊಂಡು, ನೇರವಾಗಿ ಮುಖ್ಯ ವಿಷಯಕ್ಕೆ ಬಂದ.

"ಹುಡುಗ ಏನ್ ಮಾಡ್ತಾನ?"

ಪಿಚ್ಚರಿನ ನಾಯಕನ ಬಗ್ಗೆ ಇಷ್ಟು ದೊಡ್ಡವರು ಆಸಕ್ತಿ ತೋರಿದ್ದು ಗುರುನಾಥನಿಗೆ ಹಿತವಾಯಿತು. "ಮೊದಲ ಕಳವು ಮಾಡ್ತಿದ್ದನ್ರಿ. ಆಮ್ಯಾಲೆ ಪೊಲೀಸಿನಾಗ ಸೇರ್ತಾನ."

ಸೈದಪ್ಪ ಅಗಿಯುವುದನ್ನು ನಿಲ್ಲಿಸಿದ. "ಇರ್ಲಿ, ಸರಕಾರಿ ನೌಕರಿ," ಎಂದು ಸಮಾಧಾನ ಹೇಳಿ, ನೆಟ್ಟಗೆ ಬಸ್ ನಿಲ್ದಾಣಕ್ಕೆ ಹೋದ. ಅಲ್ಲಿ ಅಫಜಲಪುರದ ಬಸ್ಸು ಹೊರಡಲು ನಿಂತಿತ್ತು.

ಅದರ ಎರಡನೆಯ ದಿನವೇ ಭಾನುವಾರ. ಗುರುನಾಥ ಬಾಗಿಲ ಮೇಲೆ ಹೊಸ ಹಲಗೆ ತೂಗಿಸಿದ್ದ: ಆಟ ಸರಿಯಾದ ವೇಳೆಗೆ. ಮಾಲ್‌ನಲ್ಲಿ ಹಾಗೇ ಇತ್ತಲ್ಲ. ವೇಳೆಗೆ ಆಟ ಶುರುವಾಯಿತು. ಸೀಟಿ ಹೊಡೆಯಲು ಬಂದವರಿಗೆ ಸೀಟಿ ಹೊಡೆಯಲೂ ಬಿಡುವಾಗಲಿಲ್ಲ. ಖಜೂರಿ ಬಸ್ಸು ಬರುವಷ್ಟರಲ್ಲಿ ನಾಯಕ ಕಳವು ಬಿಟ್ಟು ಪೊಲೀಸಿಗೆ ಸೇರಿಯಾಗಿತ್ತು.

ಆಯಿ ಏದುಸಿರು ಬಿಡುತ್ತ ಬಂದಳು. ಹುಲೆಪ್ಪ ಮೇಲೆ ಮಷೀನಿನ ಹತ್ತಿರ ಇದ್ದ. ಬಾಗಿಲಲ್ಲಿ ಗುರುನಾಥನೇ ಇದ್ದ.

"ಸುರು ಆಗಿ ಭಾಳ ಹೊತ್ತಾತೇನೋ ತಮ್ಮಾ?"

"ಅರ್ಧ ಆತು ಆಯಿ. ಇನ್ನ ವೇಳ್ಯಾ ಅಂದ್ರ ವೇಳ್ಯಾ. ಮುಂದಿನ ವಾರ ಜಲ್ದಿ ಬಾ," ಎಂದು ಗುರುನಾಥ ಮರ್ಯಾದೆಯಿಂದಲೇ ಹೇಳಿದ. ಬರಿಗೈಲಿ ಕಳಿಸಬಾರದೆಂದು ಗುಲಾಬ್ ನೀರು ಚಿಮುಕಿಸಿ ಎಲೆ-ಅಡಿಕೆ ಕೊಟ್ಟ. ಆಯಿ ಹಲಗೆಯನ್ನು ನೋಡಿದಳು. ಅವಳಿಗೆ ಓದು ಬರುತ್ತಿರಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಖುರ್ಷಿದಬೇಗಂಳ ಬೆಂಚಿನ ಮೇಲೆ ಕೂತಳು. ಖುರ್ಷಿದಬೇಗಂ ಕೇಳದೆಯೇ ಚಹಾ ಕೊಟ್ಟಳು. ಅದೇ ಬಸ್ಸು ತಿರುಗಿ ಹೊರಟಾಗ ಆಯಿ ಅದರಲ್ಲೇ ಊರಿಗೆ ಹೋದಳು. ಗುರುನಾಥನಿಗೆ ತಪ್ಪೇನೂ ಕಾಣಲಿಲ್ಲ. ಮೊದಲಿನದೂ ಆಗಿತ್ತು, ಆಮೇಲಿನದೂ ಆಗಿತ್ತು. ನಡುವಿನದಷ್ಟೇ ಬಿಟ್ಟುಹೋಗಿತ್ತು.

ಮುಂದೆ ಸುದ್ದಿ ತನ್ನ ಕೆಲಸ ತಾನೇ ಮಾಡಿತು. ಗುರುನಾಥ ಮಗಳ ಮದುವೆಯನ್ನು ಟಾಕೀಸಿನಲ್ಲಿ ಗುಟ್ಟಾಗಿ ನಡೆಸುತ್ತಿದ್ದಾನೆ, ಹುಡುಗ ಕಳ್ಳನಾಗಿದ್ದನಂತೆ, ಅದಕ್ಕೇ ಗುಟ್ಟು ಎಂದು ಅಫಜಲಪುರದಲ್ಲಿ ಹೇಳಿದರು. ಗುಟ್ಟೇನಲ್ಲ, ದಿನಾ ಸನಾದಿ ಮೊಳಗುತ್ತಿದೆಯಲ್ಲ, ವಧೂವರರ ತಲೆಗೆ ಅಕ್ಕಿಕಾಳು ಬೀಳುವುದು ದೀಪಾವಳಿಗೆ ಮೊದಲಿನ ಭಾನುವಾರ ಎಂದು ಚೌಡಾಪುರದಲ್ಲಿ ತಿದ್ದಿದರು. ಆ ಭಾನುವಾರ ವಾಮನರಾಯರು ಬರುತ್ತಾರೆ, ಎಲ್ಲರೂ ತಪ್ಪದೆ ಬರಬೇಕು ಎಂದು ಗುರುನಾಥನೇ ಸಿಕ್ಕವರಿಗೆಲ್ಲ ಕೈಮುಗಿದು ಕರೆದದ್ದು ಇದಕ್ಕೆ ಪುಷ್ಟಿಯಾಯಿತು. ಜೇವರ್ಗಿಯಲ್ಲಿ ಜೊತೆಯ ನರ್ಸುಗಳು ಮಧುಮತಿಗೆ ಪೇಢೆ ತಿನ್ನಿಸಿ, ತಮಗೇಕೆ ಹೇಳಲಿಲ್ಲವೆಂದು ಮುನಿಸಿಕೊಂಡರು.

ಆ ಭಾನುವಾರ ಬಂತು. ಟಾಕೀಸಿನ ಅಂಗಳ ತುಂಬಿತು. ಚೌಡಾಪುರದಿಂದ ಟಂಟಂ ಆಟೋಗಳು ಬಂದವು, ಖಜೂರಿಯಿಂದ ಒಂದು ಲಾರಿಯೇ ಬಂತು. ಹೆಂಗಸರು ರೇಷ್ಮೆ ಸೀರೆ ಉಟ್ಟಿದ್ದರು. ಗುರುನಾಥನ ಕಣ್ಣು ತುಂಬಿ ಬಂತು. ತನ್ನ ಪಿಚ್ಚರಿಗೆ ಜನ ಇಷ್ಟು ಚಂದ ಸಿಂಗರಿಸಿಕೊಂಡು ಬಂದದ್ದನ್ನು ಅವನು ಎಂದೂ ಕಂಡಿರಲಿಲ್ಲ. ಟಿಕೀಟಿನ ಕಿಂಡಿಗೆ ಮಾತ್ರ ಯಾರೂ ಬರಲಿಲ್ಲ. ಕಿಂಡಿಯ ಮುಂದೆ ಪಾತ್ರೆಗಳನ್ನೂ ಕುಪ್ಪಸದ ಬಟ್ಟೆಗಳನ್ನೂ ಇಟ್ಟು ಒಳಗೆ ಹೋದರು. ಟಿಕೀಟು ಎಂದು ಹುಲೆಪ್ಪ ಬಾಯಿ ತೆರೆದದ್ದಕ್ಕೆ ಸೈದಪ್ಪ, ಲಗ್ನಕ್ಕೆ ಟಿಕೀಟು ಹಚ್ಚುವ ನೀಚತನವನ್ನು ತನ್ನ ಇಡೀ ಸರ್ವಿಸಿನಲ್ಲಿ ನೋಡಿಲ್ಲ ಎಂದು ಗದರಿಸಿದ.

ಲಗ್ನ ಯಾರದು ಎಂದು ಗುರುನಾಥ ಕೇಳುವ ಮೊದಲೇ ಹುಲೆಪ್ಪ ಮೇಲೆ ಹತ್ತಿ, ದೀಪ ಆರಿಸಿ ಆಟ ಶುರುಮಾಡಿದ. ಮೊದಲ ದೃಶ್ಯದಲ್ಲೇ ಪಿಸ್ತೂಲಿನ ಹೊಡೆದಾಟ. ಮುತ್ತೈದೆಯರು ಕಿವಿ ಮುಚ್ಚಿಕೊಂಡು, ಶುಭ ಹೊತ್ತಿನಲ್ಲಿ ಇದೇನು ಅಪಶಕುನ ಎಂದರು. ಹಿರಿಯರು ಮಷೀನು ಬಂದ್ ಮಾಡಿಸಿದರು. ಸೈದಪ್ಪ ಬಿಳಿ ಪರದೆಯ ಮುಂದೆ ನಿಂತು, ವರನ ಕಡೆಯವರು ಯಾರಾದರೂ ಇದ್ದರೆ ಮುಂದೆ ಬರಬೇಕೆಂದು ಸರಕಾರಿ ದನಿಯಲ್ಲಿ ಕರೆದ.

ಅಷ್ಟರಲ್ಲಿ ಅಫಜಲಪುರದಿಂದ ಗುರುನಾಥನ ಅಕ್ಕ ಮಲ್ಕಮ್ಮ ಬಂದಳು. ಸೋದರತ್ತೆ ಆರತಿ ಬೆಳಗದೆ ಅವರ ಮನೆತನದಲ್ಲಿ ಹೆಣ್ಣು ಹಸೆಯ ಮೇಲೆ ಕೂತದ್ದಿಲ್ಲ. ಅವಳ ಕಂಕುಳಲ್ಲಿ ಮಧುಮತಿಗೆಂದು ತಂದ ಇಳಕಲ್ ಸೀರೆಯಿತ್ತು, ಕಣ್ಣಲ್ಲಿ ನೀರಿತ್ತು. ತಮ್ಮನ ಕರಿಕೋಟಿನ ಕಾಲರು ಹಿಡಿದಳು.

"ಲೇ ಗುರ್ಯಾ, ಇರಾಕಿ ಒಬ್ಬಾಕಿ ಅಕ್ಕ ಅದೀನಿ ನಿನಗ. ಕಳ್ಳ ಸಿಕ್ಕ, ಪೊಲೀಸ ಸಿಕ್ಕ, ನಾ ಸಿಗಲಿಲ್ಲೇನು?"

ಅವಳ ಹಿಂದೆಯೇ ಮಧುಮತಿ ಬಂದಿದ್ದಳು. ಜೊತೆಗೆ ಯಡ್ರಾಮಿಯ ಹೈಸ್ಕೂಲಿನ ಮಾಸ್ತರ ದೇವಾನಂದ ಇದ್ದ. ದೀಪಾವಳಿಗೆ ಅವನನ್ನು ಮನೆಗೆ ಕರೆತಂದು, ಮೆಲ್ಲಗೆ ತಮ್ಮಿಬ್ಬರ ವಿಷಯ ಹೇಳಬೇಕೆಂದಿದ್ದಳು.

"ಅಪ್ಪಾ, ನನ್ನ ಲಗ್ನ ಆಗ್ಯಾದಂತ," ಎಂದಳು. "ಇವರಿಗೆ ನಾ ಏನ್ ಹೇಳಲಿ?"

ಜನಕ್ಕೆ ಹುಡುಗ ಕಂಡ ಮೇಲೆ ಇನ್ನೇನು ಬೇಕು? ಸೈದಪ್ಪ ಮಾಸ್ತರನ ಹೆಗಲ ಮೇಲೆ ಕೈಹಾಕಿ ಪಕ್ಕಕ್ಕೆ ಕರೆದು, ಆ ಹಳೆಯ ಚಾಳಿ ಪೂರಾ ಬಿಟ್ಟಿದ್ದೀಯೋ ಹೇಗೆ ಎಂದು ವಿಚಾರಿಸಿದ. ಅಂಗಳದಲ್ಲಿ ಖುರ್ಷಿದಬೇಗಂ ಯಾರೂ ಹೇಳದೆಯೇ ಎರಡನೆಯ ಬಾಣಲೆ ಇಟ್ಟಳು. ಬಂದವರು ಉಂಡಿಲ್ಲ ಎಂದಾಗಬಾರದು, ಗುರುನಾಥನ ತಲೆ ತಗ್ಗಬಾರದು ಎಂದು ಅವಳು ಅವತ್ತು ಇಡೀ ಊರಿಗೆ ಭಜಿ ಕರಿದಳು.

ಈ ಗದ್ದಲದ ನಡುವೆ ವಾಮನರಾಯರು ಬಂದದ್ದು ಹುಲೆಪ್ಪನನ್ನು ಬಿಟ್ಟು ಯಾರಿಗೂ ಕಾಣಲಿಲ್ಲ. ಹುಲೆಪ್ಪ ಅವರ ಕನ್ನಡಕಕ್ಕೆ ಗುಲಾಬ್ ನೀರು ಬಿಟ್ಟ. ಅವರು ಕನ್ನಡಕ ಒರೆಸಿಕೊಂಡು ತುಂಬಿದ ಕುರ್ಚಿಗಳನ್ನು ನೋಡಿದರು. ಮಕ್ಕಳು ಓಡಾಡುವುದನ್ನು ನೋಡಿದರು. ಎಲೆ-ಅಡಿಕೆ ಹಾಕಿಕೊಂಡು ಬಾಲ್ಕನಿಯವರೆಗೂ ಹತ್ತಿ ಇಳಿದರು. ಅವರ ಮುಖ ಅರಳಿತ್ತು.

"ಗುರುನಾಥ, ಇಷ್ಟು ಮಂದಿ ಇಲ್ಲಿ ಹಿಡೀತಾರಂತ ನನಗ ಗೊತ್ತಿದ್ದಿಲ್ಲ. ಎಷ್ಟು ಚಂದ ಲಗ್ನದ ಹಾಲ್ ಮಾಡೀಯೋ."

"ಲಗ್ನ ಅಲ್ರಿ ಸಾಹೇಬ್ರ. ಪಿಚ್ಚರ್ರಿ ಇದು."

ವಾಮನರಾಯರು ಅವನ ಬೆನ್ನ ಮೇಲೆ ಕೈಯಿಟ್ಟರು. ಮೃದುವಾಗಿಯೇ ಕೇಳಿದರು. "ಪಿಚ್ಚರ್ ಯಾರು ನೋಡಿದ್ರು?"

ಗುರುನಾಥನ ಕಣ್ಣು ಜನರ ನಡುವೆ ಕಂಬದ ಪಕ್ಕದ ಕುರ್ಚಿಯನ್ನು ಹುಡುಕಿತು. ಇಡೀ ಟಾಕೀಸಿನಲ್ಲಿ ಖಾಲಿಯಿದ್ದದ್ದು ಅದೊಂದೇ. ಖಜೂರಿಯ ಲಾರಿಯಲ್ಲಿ ಬಂದವರನ್ನು ಕೇಳಿದ. ಆಯಿ ಈಗ ಬರುವುದಿಲ್ಲ ಎಂದರು. ನಾ ಹೋಗೋದ್ರಾಗ ಮುಗದಿರ್ತದ ಎನ್ನುತ್ತಾಳಂತೆ.

ದೀಪಾವಳಿ ಕಳೆದ ಮೇಲೆ ಪರದೆ ಇಳಿಸಿದರು. ಹುಲೆಪ್ಪ ಅದನ್ನು ಹೆಂಡತಿಯ ಸೀರೆ ಮಡಚುವಷ್ಟು ಜೋಪಾನವಾಗಿ ಮಡಚಿಟ್ಟ. ಪರದೆಯಿದ್ದ ಗೋಡೆಗೆ ಗುಲಾಬಿ ಬಣ್ಣ ಬಂತು, ಅದರ ಮುಂದೆ ವೇದಿಕೆ ಬಂತು, ಹಿತ್ತಲಿಗೆ ಜನರೇಟರ್ ಬಂತು. ಗುರುನಾಥನನ್ನೇ ಹಾಲಿನ ಮ್ಯಾನೇಜರನಾಗಿ ಇಟ್ಟುಕೊಂಡ ವಾಮನರಾಯರು, ಮೊದಲ ಮದುವೆ ನಿನ್ನ ಮಗಳದೇ ಆಗಲಿ, ಬಾಡಿಗೆ ಬೇಡ ಎಂದರು. ಆಯೇರಿಯ ಪಾತ್ರೆ ಮರಳಿಸಲು ಮನೆಮನೆಗೆ ಹೋದ ಗುರುನಾಥನಿಗೆ, ಕೊಟ್ಟ ಆಯೇರಿ ತಿರುಗಿ ಪಡೆದರೆ ಮಕ್ಕಳಿಗೆ ಒಳಿತಾಗದು ಎಂದು ಎಲ್ಲರೂ ಬಾಗಿಲಲ್ಲೇ ಹೇಳಿ ಕಳಿಸಿದರು.

ಮಧುಮತಿಯ ಮದುವೆಯ ಮೊದಲ ಕರೆಯನ್ನು ಅವನು ಅಕ್ಕನಿಗೂ ಕೊಡಲಿಲ್ಲ. ಖಜೂರಿಗೆ ಹೋಗಿ ಆಯಿಗೆ ಕೊಟ್ಟ. ನೀನು ಬರುವತನಕ ಅಕ್ಕಿಕಾಳು ಬೀಳುವುದಿಲ್ಲ ಎಂದ. ಆಯಿ ಹಲ್ಲಿಲ್ಲದ ಬಾಯಲ್ಲಿ ನಕ್ಕಳು. "ಲಗ್ನ ತಡೀತಾವೇನೋ ತಮ್ಮಾ? ಪಿಚ್ಚರ್ ಆದ್ರ ಬ್ಯಾರೆ."

ಅವಳು ಹೇಳಿದ್ದು ನಿಜ. ಮದುವೆಯ ದಿನ ಮಧ್ಯಾಹ್ನ ಶಾಸ್ತ್ರ ಮಾಡಿಸುವ ಸ್ವಾಮಿ ಕೈಗಡಿಯಾರ ನೋಡತೊಡಗಿದ್ದರು. ಮಲ್ಕಮ್ಮ ಎರಡೆರಡು ಸಲ ಆರತಿ ಬೆಳಗಿದ್ದಳು, ಹೋದ ಸಲದ್ದೂ ಸೇರಿಸಿ. ಎಲ್ಲರ ಕೈಯಲ್ಲೂ ಅಕ್ಕಿಕಾಳು. ಖಜೂರಿ ಬಸ್ಸಿನ ಸುಳಿವಿಲ್ಲ. ಸ್ವಾಮಿ ಗಂಟಲು ಸರಿಮಾಡಿಕೊಂಡು ಮಂತ್ರಕ್ಕೆ ಬಾಯಿ ತೆರೆದರು, ಕರೆಂಟು ಹೋಯಿತು.

ಟಾಕೀಸಿಗೆ ಕಿಟಕಿಗಳಿರಲಿಲ್ಲ. ಹಾಡುಹಗಲೇ ಗವ್ವೆಂದು ಕತ್ತಲಾಯಿತು. ಹಿಂದಿನಿಂದ ಯಾರೋ ಒಂದು ಸೀಟಿ ಹೊಡೆದರು. ಇನ್ನೊಂದು ಸೀಟಿ. ಮುತ್ತೈದೆಯರೂ ಹಿರಿಯರೂ ವರನ ಕಡೆಯವರೂ ಎನ್ನದೆ ಇಡೀ ಮಂಟಪ, "ಹುಲೆಪ್ಪಾ, ರೀಲ್ ಹಾಕೋ" ಎಂದು ಕೂಗಿತು. ಅಡುಗೆಮನೆಯಲ್ಲಿ ಸಾರಿನ ಸೌಟು ಹಿಡಿದಿದ್ದ ಹುಲೆಪ್ಪ ಅಲ್ಲಿಂದಲೇ, "ಹಾಕ್ತೇನಿ, ತಡೀರಿ" ಎಂದ.

ಜನರೇಟರಿನ ಕೀಲಿಕೈ ಮ್ಯಾನೇಜರನ ಕೋಟಿನ ಕಿಸೆಯಲ್ಲಿತ್ತು. ಗುರುನಾಥ ಕಿಸೆಗೆ ಕೈಹಾಕಿ ಅದನ್ನು ಹಿಡಿದ. ತೆಗೆಯಲಿಲ್ಲ. ಸ್ವಾಮಿ ಕೂಗಿದರು, ಸೈದಪ್ಪ ಮ್ಯಾನೇಜರ್ ಎಲ್ಲಿ ಎಂದು ವಿಚಾರಣೆ ಹೂಡಿದ, ಮಹಾನಂದಾ ಕತ್ತಲಲ್ಲೇ ಗಂಡನ ತೋಳು ಹಿಡಿದಳು. ಕೋಟಿನೊಳಗೆ ಮುಚ್ಚಿದ ಅವನ ಮುಷ್ಟಿ ಅವಳ ಕೈಗೆ ತಾಕಿತು. ಅವಳು ಏನನ್ನೂ ಕೇಳದೆ ತೋಳು ಬಿಟ್ಟು, ಕೀಲಿಕೈ ಹುಡುಕಾಕತ್ತಾರ ಎಂದು ಎಲ್ಲರಿಗೂ ಹೇಳಿದಳು.

"ಖಜೂರಿ ಬಸ್ ಬರಲಿ, ತಡೀರಿ," ಎಂದ ಗುರುನಾಥ. ಕತ್ತಲೆಯಲ್ಲಿ ನಗು ಎದ್ದಿತು. ಜನ ಸೀಟಿ ಹೊಡೆಯುತ್ತ, ಹಳೆಯ ರೂಢಿಯಂತೆ ಕಾಣದ ಗೋಡೆಗೆ ಮುಖಮಾಡಿ ಕಾದರು.

ಹೊರಗೆ ಬಸ್ಸಿನ ಹಾರ್ನು ಕೇಳಿಸಿತು. ಬಾಗಿಲು ತೆರೆದು ಬಿದ್ದ ಬೆಳಕಿನಲ್ಲಿ ಒಂದು ಸಣ್ಣ ಆಕಾರ ಏದುಸಿರು ಬಿಡುತ್ತ ನಿಂತಿತು.

"ಸುರು ಆಗಿ ಭಾಳ ಹೊತ್ತಾತೇನೋ ತಮ್ಮಾ?"

"ಇಲ್ಲ ಆಯಿ. ನಿನ್ನ ಸಲುವಾಗೇ ತಡದೇವಿ," ಎಂದ ಗುರುನಾಥ.

ಅವಳು ನಕ್ಕು, ಅವನ ಅಂಗೈಗೆ ಶೇಂಗಾ ಹಾಕಿ, ತಡಕಾಡುತ್ತ ಕಂಬದವರೆಗೆ ಹೋದಳು. ಕಂಬವಿತ್ತು, ಕುರ್ಚಿ ಇರಲಿಲ್ಲ. ಗುರುನಾಥ ಒಂದು ಕುರ್ಚಿ ತಂದು ಹಾಕಿ, ಅವಳು ಕೂತ ಮೇಲೆ ಕೀಲಿಕೈಯನ್ನು ಹುಲೆಪ್ಪನ ಕೈಗೆ ಕೊಟ್ಟ. ದೀಪ ಹತ್ತಿತು, ಅಕ್ಕಿಕಾಳು ಬಿದ್ದವು.

ಊಟ ಮುಗಿದು ಜನ ಹೊರಟಾಗ ಗುರುನಾಥ ಎಲೆ-ಅಡಿಕೆಯ ತಟ್ಟೆಯ ಹಿಂದೆ ಕೈಮುಗಿದು ನಿಂತಿದ್ದ. ಈ ಸಲ ಯಾರೂ ತಪ್ಪು ತಿಳಿಯುವ ಹಾಗಿರಲಿಲ್ಲ. ಕೊನೆಗೆ ಆಯಿ ಬಂದಳು.

"ಎಲ್ಲಾ ಬರೋಬರಿ ಆತೇನ್ ಆಯಿ? ಏನರ ಕಡಿಮಿ ಬಿತ್ತೇನು?"

ಆಯಿ ಎಲೆಗೆ ಸುಣ್ಣ ಹಚ್ಚುತ್ತ ಯೋಚಿಸಿದಳು. ಅವನಿಗೆ ನೋವಾಗದಂತೆ ಹೇಳಬೇಕಲ್ಲ. "ಮೊದಲಿಂದೂ ಚಲೋ ಆತು, ಆಮ್ಯಾಲಿಂದೂ ಚಲೋ ಆತಪಾ," ಎಂದಳು. "ನಡುವ ಒಂದು ಪಿಚ್ಚರ್ ಇದ್ದಿದ್ರ ಛಂದ ಇತ್ತು."

ಅವನ ಕೆನ್ನೆ ಸವರಿ ಅವಳು ಬಸ್ಸಿನ ಕಡೆ ಹೋದಳು. ಬಸ್ಸು ತಿರುವು ದಾಟುವವರೆಗೆ ಗುರುನಾಥ ಬಾಗಿಲಲ್ಲೇ ನಿಂತಿದ್ದ. ಕೀಲಿಕೈಯಿದ್ದ ಕೋಟಿನ ಕಿಸೆಯಲ್ಲಿ ಅವಳು ಕೊಟ್ಟ ಶೇಂಗಾ ಇನ್ನೂ ಬೆಚ್ಚಗಿದ್ದವು.